ಮೊದಲಿನ ಹಾಗೆ

ಬೆಳಿಗ್ಗೆ ಸ್ಟುಡಿಯೋದ ಶಟರ್ ಎತ್ತಿದ ಮೇಲೆ ಅವಳ ಮೊದಲ ಕೆಲಸ ಶೋಕೇಸಿನ ಗಾಜು ಒರೆಸುವುದು. ಬೀದಿಯ ಧೂಳಿಗೆ ಬೇರೆ ಠಿಕಾಣಿಯೇ ಇಲ್ಲವೇನೋ ಎಂಬಂತೆ ರಾತ್ರಿಯೆಲ್ಲ ಅದು ಈ ಗಾಜಿನ ಮೇಲೇ ಬಂದು ಕೂತಿರುತ್ತಿತ್ತು. ಒಳಗೆ ಮೇಲಿನ ಸಾಲಿನಲ್ಲಿ ಹಸುಗೂಸುಗಳು, ಕೆಳಗಿನ ಸಾಲಿನಲ್ಲಿ ಮುದುಕ ಮುದುಕಿಯರು, ನಟ್ಟನಡುವೆ ಅವಳದೇ ದೊಡ್ಡ ಕಪ್ಪು ಬಿಳುಪು ಫೋಟೋ. ಇಪ್ಪತ್ತರ ವಯಸ್ಸಿನದು. ಅಮ್ಮ ಹೊಲಿದುಕೊಟ್ಟ ತಿಳಿ ಬಣ್ಣದ ಅಂಗಿ, ಒಂದು ಭುಜದ ಮೇಲೆ ಇಳಿಬಿಟ್ಟ ಜಡೆ, ತುಂಬಿದ ಎದೆ, ಎಲ್ಲೋ ದೂರ ನೋಡುತ್ತಿರುವ ಕಣ್ಣು. ಅಪ್ಪ ತೆಗೆದ ಚಿತ್ರ. ಬಿಸಿಲಿಗೆ ಅಂಚು ಹಳದಿ ತಿರುಗಿದ್ದರೂ ಬೀದಿಯಲ್ಲಿ ಹೋಗುವವರು ಇವತ್ತಿಗೂ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು.

ಅವತ್ತೂ ಒಬ್ಬಾಕೆ ನಿಂತರು. ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಬಂದವರು.

"ಇವರು ಯಾರು? ನಿಮ್ಮ ತಂಗೀನಾ?"

"ನಾನೇ," ಎಂದಳು ಅವಳು, ಬಟ್ಟೆ ಹಿಂಡುತ್ತ.

"ಹೌದಾ!" ಎಂದು ಆಕೆ ಫೋಟೋ ನೋಡಿದರು, ಇವಳನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಪಾಪ, ಆಕೆಯದೇನೂ ಕೆಟ್ಟ ಮನಸ್ಸಲ್ಲ. ಆದರೆ ಆ "ಹೌದಾ" ಇದೆಯಲ್ಲ, ಅದನ್ನು ಕೇಳಿ ಕೇಳಿ ಅವಳ ಕಿವಿ ದಡ್ಡುಗಟ್ಟಿತ್ತು. ಕಿವಿ ದಡ್ಡುಗಟ್ಟಿದರೂ ಮನಸ್ಸು ದಡ್ಡುಗಟ್ಟಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಮಗಳ ಮಾತು. ಶಾಲೆಯಿಂದ ಬಂದು ಶೋಕೇಸಿಗೆ ಮೂಗು ಒತ್ತಿಕೊಂಡು ನಿಂತಿದ್ದ ಹುಡುಗಿ ಒಂದು ದಿನ ಕೇಳಿದ್ದಳು: "ಅಮ್ಮಾ, ನೀನು ಹೀಗಿದ್ದದ್ದು ನಾನು ಹುಟ್ಟೋಕೆ ಮುಂಚೆ ಅಲ್ವಾ? ನಾನು ಹಾಲು ಕುಡಿದು ಹಿಂಗಾಯ್ತಾ?" ಅವಳು ನಕ್ಕು ಮಗಳ ತಲೆ ಸವರಿದ್ದಳು. ಮಗಳು ಹುಟ್ಟಿದ ಮೇಲೆ ಏನೋ ಒಂದು ಹೊರಟುಹೋಯಿತು ಎಂದು ಅವಳಿಗೇ ಅನ್ನಿಸುತ್ತಿತ್ತು. ಅದನ್ನು ಮಗಳ ಬಾಯಿಂದ ಕೇಳುವುದು ಬೇರೆ.

ಆ ಸ್ಟುಡಿಯೋದಲ್ಲೇ ಅವಳು ಬೆಳೆದವಳು. ಬೀದಿಯವರೆಲ್ಲ ಅಪ್ಪನಿಗೆ ಇಟ್ಟ ಹೆಸರು 'ಸ್ಮೈಲ್ ಪ್ಲೀಸ್'. ಊರಿಗೆಲ್ಲ ನಗಿ ನಗಿ ಎನ್ನುತ್ತಿದ್ದ ಮನುಷ್ಯ ತಾನು ಮಾತ್ರ ತಪ್ಪಿಯೂ ನಗುತ್ತಿರಲಿಲ್ಲ. ಅಮ್ಮ ಬಿಳಿ ಬಟ್ಟೆ ಹಿಡಿದು ನಿಲ್ಲುವವಳು. ದೀಪದ ಬೆಳಕು ಆ ಬಟ್ಟೆಗೆ ತಾಗಿ, ಕೂತವರ ಮುಖದ ಕತ್ತಲ ಬದಿಗೆ ಮೆಲ್ಲಗೆ ಬೀಳಬೇಕು. "ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ಕೈ ಬರ್ತಿದೆ, ಹಿಂದೆ ತಗೋ," ಎಂದು ಅಪ್ಪ ಕೂಗುವುದು, "ನನ್ನ ಕೈ ಬಂದ್ರೆ ನಿಮ್ಮ ಫೋಟೋ ಮೈಲಿಗೆ ಆಗುತ್ತಾ?" ಎಂದು ಅಮ್ಮ ಗೊಣಗುವುದು, ಕೂತವರು ಇವರಿಬ್ಬರ ಜಗಳಕ್ಕೆ ನಕ್ಕುಬಿಡುವುದು, ಅಷ್ಟರಲ್ಲಿ ಅಪ್ಪ ಗುಂಡಿ ಒತ್ತುವುದು. ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಮೂಗಿಗೆ ರಸಾಯನದ ಹುಳಿ ವಾಸನೆ ಬಂದಂತಾಗುತ್ತಿತ್ತು.

ಸಂಜೆ ಅಪ್ಪ ಇಳಿಜಾರು ಮೇಜಿನ ಮುಂದೆ ಕೂರುತ್ತಿದ್ದ. ಅದರ ನಡುವೆ ಮಬ್ಬು ಗಾಜು, ಕೆಳಗೆ ದೀಪ, ಗಾಜಿನ ಮೇಲೆ ಅಂಗೈಯಗಲದ ನೆಗೆಟಿವ್. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ಪೆನ್ಸಿಲಿನಿಂದ ಗೀಚಿದ ಕಡೆ ಪ್ರಿಂಟಿನಲ್ಲಿ ಬೆಳಕಾಗುತ್ತದೆ, ಸಣ್ಣ ಚಾಕುವಿನಿಂದ ಕೆರೆದ ಕಡೆ ನೆರಳಾಗುತ್ತದೆ. ಮೊಡವೆ ಮಾಯವಾಗುತ್ತಿತ್ತು, ಬತ್ತಿದ ಕೆನ್ನೆ ತುಂಬುತ್ತಿತ್ತು. ಉಪ್ಪುಕಾಗದಕ್ಕೆ ಉಜ್ಜಿ ಉಜ್ಜಿ ಪೆನ್ಸಿಲಿನ ಮೊನೆಯನ್ನು ಸೂಜಿಯಂತೆ ಮಾಡಿಕೊಡುವುದು ಅವಳ ಪಾಲಿನ ಕೆಲಸ. "ಎಲ್ಲರಿಗೂ ಒಂದಿಷ್ಟು ಬೆಳಕು ಕೊಡಬೇಕು ಮರಿ, ನಮ್ಮಪ್ಪನ ಗಂಟೇನು ಹೋಗುತ್ತೆ," ಎನ್ನುತ್ತಿದ್ದ ಅಪ್ಪ.

ಅಮ್ಮ ಹೋದಳು, ಫಿಲಂ ಹೋಯಿತು, ಅಪ್ಪನ ಕಣ್ಣು ಮಂಜಾಯಿತು. ಸ್ಟುಡಿಯೋ ಅವಳ ಕೈಗೆ ಬಂತು, ಬೀದಿಯವರಿಗೆ ಅವಳು 'ಫೋಟೋ ಅಕ್ಕ' ಆದಳು. ಪೆನ್ಸಿಲಿನ ಕೆಲಸವನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು. ಹೊಟ್ಟೆ ಒಳಕ್ಕೆ, ಕೆನ್ನೆ ಹೊರಕ್ಕೆ, ಬಣ್ಣ ಎರಡು ಪಟ್ಟು. ಯಾರೂ ಕೇಳುತ್ತಿರಲಿಲ್ಲ, ಅವಳೂ ಯಾರನ್ನೂ ಕೇಳದೆ ಮಾಡಿಕೊಡುತ್ತಿದ್ದಳು.

ಎದೆ ತುಂಬಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ಅವಳು ಮೊದಲು ಬಾಯಿಬಿಟ್ಟದ್ದು ಎದುರು ಸಾಲಿನ ಬ್ಯೂಟಿ ಪಾರ್ಲರಿನ ಗೆಳತಿಯ ಹತ್ತಿರ. ಬೀದಿಯವರು ಆಕೆಯನ್ನು ಕರೆಯುವುದೇ 'ಕತ್ತರಿ' ಎಂದು, ಕೈಯಲ್ಲಿದ್ದ ಕತ್ತರಿಗಿಂತ ನಾಲಿಗೆಯ ಕತ್ತರಿಗೆ ಹೆದರಿ. ಕತ್ತರಿ ಸ್ವತಃ ಕೆಲವು ವರ್ಷಗಳ ಹಿಂದೆ ಮಾಡಿಸಿಕೊಂಡಿದ್ದಳು, ಅದನ್ನು ಮುಚ್ಚಿಟ್ಟವಳೂ ಅಲ್ಲ.

"ಮಾಡಿಸ್ಕೋ ಬಿಡು, ಯಾರು ಬೇಡ ಅಂದ್ರು?" ಎಂದಳು ಕತ್ತರಿ. "ಆದ್ರೆ ನಾನು ಹೇಳೋದನ್ನ ಪೂರ್ತಿ ಕೇಳು. ಮುಂಚೆ ನಂಗೆ ಸಿಗರೇಟು ಬಿಡಿಸಿದ್ರು. ಗಾಯ ಮಾಯಲ್ಲ ಅಂತ. ತಲೆನೋವಿಗೆ ನುಂಗ್ತಿದ್ದ ಮಾತ್ರೆನೂ ನಿಲ್ಲಿಸಿದ್ರು, ರಕ್ತ ತೆಳ್ಳಗಾಗುತ್ತಂತೆ. ಆಮೇಲೆ ತಿಂಗಳುಗಟ್ಟಲೆ ಕೈ ಮೇಲೆತ್ತೋ ಹಾಗಿಲ್ಲ, ಭಾರ ಹೊರೋ ಹಾಗಿಲ್ಲ. ಕೂದಲು ಕತ್ತರಿಸೋಳಿಗೆ ಕೈ ಎತ್ತಬೇಡ ಅಂದ್ರೆ! ಗಿರಾಕಿಗಳನ್ನ ನೆಲದ ಮೇಲೆ ಮಲಗಿಸಿ ಕತ್ತರಿಸ್ಲಾ ಅಂತ ಡಾಕ್ಟ್ರನ್ನೇ ಕೇಳಿದೆ."

"ನೋವಿತ್ತಾ?"

"ಎದೆ ಮೇಲೆ ಯಾರೋ ಕೂತಿದಾರೆ ಅನ್ನಿಸೋದು. ಅಂಗಾತ ಮಲಗ್ಬೇಕು, ಹಗಲೂ ರಾತ್ರಿ ಬಿಗಿ ಒಳಉಡುಪು ಹಾಕಿರ್ಬೇಕು. ಊತ ಇಳಿದು ಸರಿಯಾದ ರೂಪಕ್ಕೆ ಬರೋಕೇ ತಿಂಗಳುಗಳು ಹಿಡೀತು. ಎಡಗಡೇದು ಆಮೇಲೆ ಗಟ್ಟಿಯಾಗಿ ಇನ್ನೊಂದ್ಸಲ ಕುಯ್ಯಿಸ್ಕೊಂಡೆ."

"ಹಾಗಾದ್ರೆ ಬೇಜಾರಿದೆಯಾ?"

"ಇಲ್ಲಪ್ಪ. ನಂಗೆ ಬೇಕಿತ್ತು, ಗೊತ್ತಿದ್ದೇ ಮಾಡಿಸ್ಕೊಂಡೆ. ಕನ್ನಡಿ ಮುಂದೆ ನಿಂತ್ರೆ ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳ್ಲಿ?" ಕತ್ತರಿ ಬಾಚಣಿಗೆಯಿಂದ ಕೂದಲು ಬಿಡಿಸಿದಳು. "ಆದ್ರೆ ನಾನು ನನ್ನ ಹತ್ರ ಯಾವತ್ತೂ ಇಲ್ಲದೇ ಇದ್ದದ್ದನ್ನ ಕೇಳಿದೆ. ನೀನು ಕಳ್ಕೊಂಡಿದ್ದನ್ನ ವಾಪಸ್ ಕೇಳ್ತಿದ್ದೀಯ. ಅವೆರಡೂ ಒಂದೇನಾ ನಂಗೊತ್ತಿಲ್ಲ ಕಣೆ."

ಆ ಮಾತು ಅವಳ ತಲೆಗೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಬರುವುದೆಂದು ನಿರ್ಧಾರ ಮಾಡಿಯಾಗಿತ್ತು.

ಸರ್ಜನ್ ಒಬ್ಬ ನಡುವಯಸ್ಸಿನ ಹೆಂಗಸು, ಮಾತಿನಲ್ಲಿ ಅವಸರವಿಲ್ಲದವರು. ಅವರ ಕೋಣೆಯ ಗೋಡೆಯ ಮೇಲೆ ಜೋಡಿ ಚಿತ್ರಗಳ ಪೋಸ್ಟರ್ ಇತ್ತು, ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ಆಮೇಲೆ'. ಹೊಟ್ಟೆಪಾಡಿನ ಕಣ್ಣು ಸುಮ್ಮನಿರುತ್ತದೆಯೇ? 'ಮೊದಲು' ಚಿತ್ರಕ್ಕೆ ಎದುರಿನಿಂದ ಸಪ್ಪೆ ಬೆಳಕು, 'ಆಮೇಲೆ' ಚಿತ್ರಕ್ಕೆ ಪಕ್ಕದಿಂದ ಒಳ್ಳೆಯ ಬೆಳಕು ಬಿಟ್ಟದ್ದು ಅವಳಿಗೆ ಕೂತಲ್ಲಿಂದಲೇ ಕಂಡಿತು. ತಡೆಯಲಾರದೆ ಹೇಳಿಯೇಬಿಟ್ಟಳು.

ಸರ್ಜನ್ ನಕ್ಕರು. "ಅದು ಕಂಪನಿಯವರ ಪೋಸ್ಟರ್. ನಾನೂ ತೆಗೀಬೇಕು ಅಂತಿದ್ದೆ. ಇರ್ಲಿ, ನಿಮಗೆ ಏನು ಬೇಕು ಹೇಳಿ."

"ಮೊದಲಿನ ಹಾಗೆ ಆಗ್ಬೇಕು."

"ಮೊದಲು ಅಂದ್ರೆ ಯಾವಾಗ?"

ಯಾರೂ ಕೇಳದಿದ್ದ ಪ್ರಶ್ನೆ. "ಮಗಳು ಹುಟ್ಟೋ ಮುಂಚೆ. ಇಪ್ಪತ್ತು ವರ್ಷದವಳಿದ್ದಾಗ. ನನ್ನ ಫೋಟೋ ಇದೆ," ಎಂದಳು.

"ಯಾರಾದ್ರೂ ಮಾಡಿಸ್ಕೋ ಅಂದ್ರಾ?"

"ಇಲ್ಲ, ನನ್ನದೇ ಆಸೆ."

ಸರ್ಜನ್ ಮೇಜಿನ ಖಾನೆಯಿಂದ ಎದೆಯೊಳಗೆ ಕೂರಿಸುವ ಒಂದು ಇಂಪ್ಲಾಂಟ್ ತೆಗೆದು ಅವಳ ಅಂಗೈಯಲ್ಲಿಟ್ಟರು. ತಣ್ಣಗೆ, ಮೆತ್ತಗೆ, ಅವಳಂದುಕೊಂಡದ್ದಕ್ಕಿಂತ ಭಾರವಾಗಿತ್ತು.

"ಇದು ಜೀವಮಾನಕ್ಕೆ ಬರೋದಲ್ಲ. ಮುಂದೆ ಎಂದೋ ಒಂದು ದಿನ ತೆಗೀಬೇಕಾಗಬಹುದು, ಬದಲಾಯಿಸ್ಬೇಕಾಗಬಹುದು. ಮೈ ಇದರ ಸುತ್ತ ತನ್ನದೇ ಒಂದು ಪೊರೆ ಕಟ್ಕೊಳುತ್ತೆ. ಕೆಲವರಿಗೆ ಅದು ಬಿಗಿದು ಗಟ್ಟಿಯಾಗಿ ನೋವು ಕೊಡುತ್ತೆ. ಒಳಗೇ ಒಡೆದ್ರೂ ಒಮ್ಮೊಮ್ಮೆ ಗೊತ್ತಾಗಲ್ಲ, ಅದಕ್ಕೇ ಆಗಾಗ ಸ್ಕ್ಯಾನ್ ಮಾಡಿಸ್ತಿರ್ಬೇಕು. ಮುಟ್ಟಿದ್ದು ಗೊತ್ತಾಗೋದು ಕಡಿಮೆಯಾಗಬಹುದು. ಇನ್ನೊಂದು ಮಗು ಬೇಕು ಅಂತಿದ್ರೆ ಹಾಲೂಡಿಸೋಕೆ ತೊಡಕಾಗಬಹುದು. ತೀರಾ ಅಪರೂಪಕ್ಕೆ ಒಂದು ಬಗೆಯ ಕ್ಯಾನ್ಸರ್ ಕೂಡ ಕಂಡಿದೆ, ಅದನ್ನೂ ಮುಚ್ಚಿಡಲ್ಲ. ಮತ್ತೆ, ಇದು ತುಂಬುತ್ತೆ ಅಷ್ಟೆ, ಜೋತಿದ್ದನ್ನ ಎತ್ತಲ್ಲ. ಎತ್ತೋದು ಬೇರೆ ಆಪರೇಷನ್."

"ಹೆದರಿಸ್ತಿದ್ದೀರಾ ಡಾಕ್ಟ್ರೇ?"

"ಇಲ್ಲ. ಮಾಡಿಸ್ಕೊಂಡು ಖುಷಿಯಾಗಿರೋರು ತುಂಬ ಜನ ಇದ್ದಾರೆ. ಏನು ಬೇಕು, ಏನು ಸಿಗುತ್ತೆ ಅಂತ ಗೊತ್ತಿದ್ದೋರು ಅವರು. ನಿಮ್ಮ ವಯಸ್ಸಿಗೆ ಮೊದಲು ಮ್ಯಾಮೊಗ್ರಾಂ, ಅಂದ್ರೆ ಎದೆಯ ಎಕ್ಸ್‌ರೇ, ಮಾಡಿಸ್ಬೇಕು, ಅದಂತೂ ಹೇಗಿದ್ರೂ ಬೇಕು. ಮುಂದಿನ ಸಲ ಬರುವಾಗ ಆ ಹಳೇ ಫೋಟೋ ತನ್ನಿ. 'ಮೊದಲಿನ ಹಾಗೆ' ಅಂದ್ರೆ ನಿಮ್ಮ ತಲೇಲಿ ಒಂದು, ನನ್ನ ತಲೇಲಿ ಇನ್ನೊಂದು ಇರಬಾರದು ನೋಡಿ."

ಗಂಡ ಬಸ್ ಡ್ರೈವರ್. ಡಿಪೋದಿಂದ ಬಂದು ಕಾಲು ಚಾಚಿ ಕೂತವನ ಮುಂದೆ ಅವಳು ಎಲ್ಲ ಹೇಳಿದಳು.

"ನಿನ್ನ ಮೈ, ನಿನ್ನ ಇಷ್ಟ," ಎಂದ ಅವನು. "ನಾನು ಬೇಡ ಅನ್ನಲ್ಲ. ಮಾಡಿಸ್ಕೋ ಅಂತಾನೂ ಅನ್ನಲ್ಲ. ಕೈ ಎತ್ತಬಾರದು ಅನ್ನೋ ಕಾಲದಲ್ಲಿ ಮನೆ ಕೆಲಸ ನಾನು ನೋಡ್ಕೋತೀನಿ."

"ನಿಂಗೆ ಏನೂ ಅನ್ಸಲ್ವಾ? ನೀನು ನನ್ನ ಮೆಚ್ಚಿದ್ದು ಶೋಕೇಸಿನ ಫೋಟೋ ನೋಡಿ ತಾನೆ?"

"ಯಾವ ಫೋಟೋ?" ಅವನು ನಿಜಕ್ಕೂ ತಲೆ ಕೆರೆದುಕೊಂಡ. "ಲೈಸೆನ್ಸಿಗೆ ಫೋಟೋ ತೆಗೆಸೋಕೆ ಬಂದಿದ್ದೆ. ಕೋಳಿ ಥರ ಕತ್ತು ಆಡಿಸ್ಬೇಡಿ, ನೆಟ್ಟಗೆ ಕೂತ್ಕೊಳ್ಳಿ ಅಂತ ಬೈದೆಯಲ್ಲ? ಅವತ್ತೇ ಬಿದ್ದೋದೆ. ಶೋಕೇಸು ಗೀಕೇಸು ಯಾರು ನೋಡಿದ್ರು?"

ಅವಳಿಗೆ ನಗು ಬಂತು, ಸಿಟ್ಟೂ ಬಂತು. ಅಷ್ಟು ಜನ ನಿಂತು ನೋಡಿದ ಫೋಟೋವನ್ನು ಈ ಪುಣ್ಯಾತ್ಮ ನೋಡಿಯೇ ಇಲ್ಲವಂತೆ!

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಹಳೆಯ ಬೀರು ತೆರೆದಳು. ಶೋಕೇಸಿನದು ಮಾಸಿದೆ, ಡಾಕ್ಟರಿಗೆ ತೋರಿಸಲು ಹೊಸ ಪ್ರಿಂಟ್ ತೆಗೆಯೋಣ ಎಂದು. ಬೆಣ್ಣೆಕಾಗದದ ಲಕೋಟೆಗಳಲ್ಲಿ ಬೀದಿಗೆ ಬೀದಿಯೇ ನಿದ್ದೆ ಮಾಡುತ್ತಿತ್ತು. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ 'ಮರಿ' ಎಂದಿತ್ತು. ಒಳಗೆ ಎರಡು ನೆಗೆಟಿವ್. ಒಂದರಲ್ಲಿ ಕಣ್ಣು ಮುಚ್ಚಿದ್ದರೆ ಇನ್ನೊಂದಿರಲಿ ಎಂದು ಅಪ್ಪ ಯಾವಾಗಲೂ ಎರಡು ತೆಗೆಯುತ್ತಿದ್ದ.

ಮೊದಲನೆಯದನ್ನು ಬೆಳಕಿಗೆ ಹಿಡಿದಳು. ಇದೇ, ಶೋಕೇಸಿನದು. ಧೂಳು ಇದೆಯೇನೋ ಎಂದು ಓರೆ ಮಾಡಿದಾಗ ಮೇಲ್ಮೈಯಲ್ಲಿ ಏನೋ ಬೂದುಬಣ್ಣಕ್ಕೆ ಹೊಳೆಯಿತು. ಧೂಳಲ್ಲ, ಪೆನ್ಸಿಲ್. ಎದೆಯ ಮೇಲ್ಭಾಗದಲ್ಲಿ ಒತ್ತೊತ್ತಾಗಿ, ಸೂಜಿಮೊನೆಯ ಪೆನ್ಸಿಲಿನ ಸಣ್ಣ ಸಣ್ಣ ಗೀರು. ಅದರ ಕೆಳಗೆ, ನೆರಳು ಬೀಳಬೇಕಾದಲ್ಲಿ, ಚಾಕುವಿನಿಂದ ಕೆರೆದ ಗುರುತು. ಬೆಳಕು ಮೇಲೆ, ನೆರಳು ಕೆಳಗೆ. ತುಂಬಿದ ಎದೆ.

ಅವಳು ಲಕೋಟೆಗೆ ಮತ್ತೆ ಕೈಹಾಕಿದಳು. ಎರಡನೆಯ ನೆಗೆಟಿವ್ ತೆಗೆದು ಹಾಗೂ ಹೀಗೂ ಓರೆ ಮಾಡಿ ನೋಡಿದಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಅದೇ ಅಂಗಿ, ಅದೇ ಜಡೆ. ಅಂಗಿಯೊಳಗೆ ಒಂದು ತೆಳ್ಳನೆಯ ಹುಡುಗಿ, ಹೆಚ್ಚುಕಡಿಮೆ ಇವತ್ತು ಬೆಳಿಗ್ಗೆ ಸ್ನಾನದ ಮನೆಯ ಕನ್ನಡಿಯಲ್ಲಿ ಕಂಡವಳೇ.

ಊರವರ ಮುಖವನ್ನೆಲ್ಲ ತಿದ್ದುವವಳು, ಗೋಡೆಯ ಪೋಸ್ಟರನ್ನು ಕೂತಲ್ಲೇ ಹಿಡಿದವಳು, ದಿನಾ ಬೆಳಿಗ್ಗೆ ತಾನೇ ಒರೆಸುವ ಗಾಜಿನ ಹಿಂದಿದ್ದ ತಿದ್ದುಪಡಿಯನ್ನು ಇಷ್ಟು ವರ್ಷ ನಂಬಿದ್ದಳು. ಆ ಪೆನ್ಸಿಲಿನ ಮೊನೆ ಚೂಪು ಮಾಡಿಕೊಟ್ಟವಳೂ ಪ್ರಾಯಶಃ ಅವಳೇ. ಮಗಳನ್ನು ಎದೆಗವಚಿಕೊಂಡು ಹಾಲೂಡಿಸಿದ ಆ ದಿನಗಳ ಮೇಲೆ ಸುಮ್ಮಸುಮ್ಮನೆ ಎಂಥ ಅಪವಾದ ಹೊರಿಸಿಬಿಟ್ಟೆನಲ್ಲ ಎಂದು ಅವಳಿಗೆ ಅಳು ಬಂತು. ಕಳೆದುಕೊಂಡದ್ದು ಏನೂ ಇರಲಿಲ್ಲ.

ಅಪ್ಪ ಹಿಂದಿನ ಕೋಣೆಯಲ್ಲಿ ರೇಡಿಯೋಗೆ ಕಿವಿಕೊಟ್ಟು ಕೂತಿದ್ದ. ಅವಳು ನೆಗೆಟಿವ್ ತಂದು ಅವನ ಕೈಗಿಟ್ಟಳು.

"ಅಪ್ಪಾ, ಇದರಲ್ಲಿ ಕೈ ಆಡಿಸಿದ್ದೀಯಲ್ಲ?"

ಅಪ್ಪ ಅಂಚನ್ನು ಬೆರಳಿನಿಂದ ಸವರಿದ. "ಆಡಿಸಿರ್ತೀನಿ. ಆಡಿಸ್ದೆ ಯಾವುದನ್ನ ಬಿಟ್ಟಿದ್ದೀನಿ?"

"ನನ್ನ ಶೋಕೇಸಿನ ಫೋಟೋ ಇದು. ಎದೆ ಹತ್ರ ಗೀಚಿದ್ದೀಯ."

ಅಪ್ಪ ರೇಡಿಯೋ ಆರಿಸಿದ. "ಶೋಕೇಸಿಗೆ ಇಡೋದಲ್ವಾ ಮರಿ. ಬಂದ ಹುಡುಗೀರಿಗೆಲ್ಲ ಅಷ್ಟಿಷ್ಟು ಮಾಡಿಕೊಡ್ತಿದ್ದೆ. ಊರೋರ ಮಕ್ಕಳಿಗೆಲ್ಲ ಮಾಡಿ ನನ್ನ ಮಗಳಿಗೆ ಮಾತ್ರ ಕಡಿಮೆ ಮಾಡ್ಲಾ ಅನ್ನಿಸ್ತು."

"ನಾನು ಕಡಿಮೆ ಇದ್ನಾ ಅಪ್ಪಾ?"

ಮುದುಕ ಬೆಚ್ಚಿಬಿದ್ದ. ಮಂಜುಗಣ್ಣು ಅವಳ ದನಿ ಬಂದತ್ತ ತಿರುಗಿತು.

"ಇಲ್ಲ ಕಣೆ," ಎಂದ. "ಅವತ್ತು ನಿಮ್ಮಮ್ಮನೂ ಇದನ್ನೇ ಕೇಳಿದ್ಳು. ಪ್ರಿಂಟ್ ನೋಡಿ ಕೆಂಡವಾಗಿದ್ಳು. ಮಗು ಚೆನ್ನಾಗೇ ಇತ್ತು, ಯಾಕೆ ಗೀಚಿದ್ರಿ, ಇನ್ನೊಂದನ್ನ ಇಡಿ ಅಂದ್ಳು. ಅದರಲ್ಲಿ ನಿನ್ನ ಕೈ ಬಂದಿದೆ ಕಣೆ ಅಂದೆ. ಬಂದ್ರೆ ಬರ್ಲಿ ಅಂದ್ಳು. ನಾನು ಕೇಳಲಿಲ್ಲ."

ಅಪ್ಪನ ಮೇಲೆ ರೇಗಬೇಕೆಂದೇ ಅವಳು ಬಂದಿದ್ದಳು. ರೇಗಲು ಆಗಲಿಲ್ಲ. ಅವನ ಪಕ್ಕ ಕೂತು, ಹಳೆಯ ಜಗಳಗಳನ್ನು ಒಂದೊಂದಾಗಿ ಕೇಳಿದಳು. ಅಮ್ಮನ ದನಿಯನ್ನು ಅಪ್ಪ ಅನುಕರಿಸಿದಾಗ ಇಬ್ಬರೂ ನಕ್ಕರು. ಅಪ್ಪ ನಕ್ಕದ್ದನ್ನು ಅವಳು ಅಪರೂಪಕ್ಕೆ ಕಂಡಳು.

ಸಂಜೆ ಎರಡನೆಯ ನೆಗೆಟಿವ್ ಅನ್ನು ಕಂಪ್ಯೂಟರಿಗೆ ಇಳಿಸಿದಳು. ಪರದೆಯ ತುಂಬ ಬಾಯಿತುಂಬ ನಗುವ ಹುಡುಗಿ. ಎಡ ಅಂಚಿನಲ್ಲಿ, ಭುಜದ ಪಕ್ಕದಲ್ಲೇ, ಬಿಳಿ ಬಟ್ಟೆಯ ಮೂಲೆ ಹಿಡಿದ ಅಮ್ಮನ ಕೈ. ಸೂಜಿ ಚುಚ್ಚಿಕೊಂಡ ಬೆರಳಿಗೆ ಸುತ್ತಿದ ಚಿಂದಿ ಕೂಡ ಕಾಣುತ್ತಿತ್ತು. ಹುಡುಗಿಯ ಗಲ್ಲದ ಮೇಲೊಂದು ಮೊಡವೆ ಇತ್ತು. ಅಭ್ಯಾಸಬಲ, ಅವಳ ಬೆರಳು ತಾನಾಗಿಯೇ ಮೌಸಿನತ್ತ ಹೋಯಿತು. ಮೊಡವೆಯ ಮೇಲೆ ಬಾಣದ ಗುರುತು ಇಟ್ಟವಳು ಸ್ವಲ್ಪ ಯೋಚಿಸಿ ಕೈ ತೆಗೆದಳು. ಹಾಗೆಯೇ ಪ್ರಿಂಟ್ ಕೊಟ್ಟಳು.

ಆಸ್ಪತ್ರೆಗೆ ಫೋನ್ ಮಾಡಿದಳು.

"ಫೋಟೋ ಸಿಕ್ತಾ?" ಎಂದರು ಸರ್ಜನ್.

"ಸಿಕ್ತು ಡಾಕ್ಟ್ರೇ. ನಾನು ಮೊದಲಿನ ಹಾಗೇ ಇದೀನಂತೆ."

ಅವಳು ನಡೆದದ್ದನ್ನು ಹೇಳಿದಾಗ ಅತ್ತ ಕಡೆಯಿಂದ ಸಣ್ಣ ನಗು ಕೇಳಿಸಿತು. "ಸರಿ. ಮುಂದೆ ಯಾವತ್ತಾದ್ರೂ ಬೇಕು ಅನ್ನಿಸಿದ್ರೆ ಬನ್ನಿ, ನಾನು ಬೇಡ ಅನ್ನಲ್ಲ. ಆದ್ರೆ ಆಗ ಫೋಟೋ ತರಬೇಡಿ, ನೀವು ಮಾತ್ರ ಬನ್ನಿ. ಆ ಮ್ಯಾಮೊಗ್ರಾಂ ಮಾತ್ರ ತಪ್ಪಿಸ್ಬೇಡಿ."

ಅದನ್ನು ಅವಳು ತಪ್ಪಿಸಲಿಲ್ಲ. ಕತ್ತರಿಯನ್ನೂ ಎಳೆದುಕೊಂಡು ಹೋದಳು. ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳು ಎಂದು ಅವಳು ಪಿಸುಗುಟ್ಟಿದರೆ, ಕತ್ತರಿ ಇಡೀ ವರಾಂಡಕ್ಕೆ ಕೇಳುವಂತೆ ಹೇಳಿ ನರ್ಸನ್ನು ನಗಿಸಿದಳು. ಇಬ್ಬರ ವರದಿಯೂ ಸರಿಯಿತ್ತು.

ಸ್ಟುಡಿಯೋದಲ್ಲಿ ಒಂದು ಪ್ರಶ್ನೆ ಹೊಸದಾಗಿ ಶುರುವಾಯಿತು. ಫೋಟೋ ತೆಗೆದಾದ ಮೇಲೆ ಅವಳು ಕೇಳುತ್ತಿದ್ದಳು: "ಏನಾದ್ರೂ ತಿದ್ಲಾ, ಹೀಗೇ ಇರ್ಲಾ?" ಬಹಳ ಜನ ತಿದ್ದಿ ಎನ್ನುತ್ತಿದ್ದರು, ಅವಳು ತಿದ್ದಿಕೊಡುತ್ತಿದ್ದಳು. ಕೆಲವರು ಪರದೆಯ ಹತ್ತಿರ ಬಗ್ಗಿ, ತಮ್ಮ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿ, "ಇರ್ಲಿ ಬಿಡಿ," ಎನ್ನುತ್ತಿದ್ದರು.

ಶೋಕೇಸಿನ ನಡುವೆ ಹೊಸ ಫೋಟೋ ಕೂತ ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಗಾಜು ಒರೆಸುತ್ತಿದ್ದಳು. ಅರ್ಜಿಗೆ ಫೋಟೋ ತೆಗೆಸಿಕೊಂಡಿದ್ದ ಆ ಹೆಂಗಸು ಇನ್ನೊಂದಿಷ್ಟು ಪ್ರತಿ ಬೇಕೆಂದು ಬಂದರು. ಒಳಗೆ ಹೋಗದೆ ಗಾಜಿನ ಮುಂದೆ ನಿಂತರು. ಅವಳು ಆ "ಹೌದಾ"ಗೆ ಕಾಯುತ್ತ ಬಟ್ಟೆ ಹಿಂಡಿದಳು.

"ಅರೆ, ಇದು ನೀವೇ ಅಲ್ವಾ!" ಎಂದು ಆಕೆ ನಕ್ಕರು. ಆಮೇಲೆ ಇನ್ನಷ್ಟು ಹತ್ತಿರ ಬಗ್ಗಿ, ಚಿತ್ರದ ಎಡ ಅಂಚನ್ನು ಬೆರಳಿನಿಂದ ತೋರಿಸಿದರು. "ಇಲ್ಲೊಂದು ಕೈ ಇದೆಯಲ್ಲ, ಯಾರ್ದು?"

"ನಮ್ಮಮ್ಮಂದು," ಎಂದಳು ಅವಳು. "ನನ್ನ ಮೇಲೆ ಬೆಳಕು ಬೀಳ್ಲಿ ಅಂತ ಬಟ್ಟೆ ಹಿಡ್ಕೊಂಡಿದ್ದಾಳೆ."